ಹಣ ಮುಗಿಯದು, ಹಳಿ ಸಾಲದು

ಒಂದು ಲಕ್ಷ ಪೌಂಡ್ ಸಾಲದೊಂದಿಗೆ ಕಂಪನಿ ಹುಟ್ಟುತ್ತದೆ. ಆ ಸಾಲ ಬಿಟ್ಟರೆ ಅದರ ಬಳಿ ಇನ್ನೇನೂ ಇಲ್ಲ. ನಕ್ಷೆಯಲ್ಲಿ ಗಣಿಗಳಿವೆ, ಕಾಡಿದೆ, ಎಣ್ಣೆಬಾವಿ ಇದೆ. ಊರೊಳಗೆ ಬೀದಿಗಳಿದ್ದರೂ ಊರಿಂದ ಊರಿಗೆ ದಾರಿ ಇಲ್ಲ. ಆ ದಾರಿ ಹಾಕಿ ದುಡಿಯುವುದೇ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಎಂಬ ಕಂಪ್ಯೂಟರ್ ಆಟ. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ 1994ರಲ್ಲಿ ಇದನ್ನು ಹೊರತಂದರು. ಇಡೀ ಪ್ರೋಗ್ರಾಮನ್ನು ಬಹುಮಟ್ಟಿಗೆ ಒಬ್ಬರೇ ಕೂತು ಬರೆದರು, ಅದೂ ಅಸೆಂಬ್ಲಿ ಭಾಷೆಯಲ್ಲಿ. ಹತ್ತು ವರ್ಷದ ಮೇಲೆ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗಿಯಸ್ ಆ ಆಟದ ‘ಡೀಲಕ್ಸ್’ ಆವೃತ್ತಿಯನ್ನು ಬಿಚ್ಚಿ, ಒಳಗಿನ ನಡೆ ತಿಳಿದು, ಹೊಸದಾಗಿ ಬರೆದು ‘ಓಪನ್ ಟಿಟಿಡಿ’ ಎಂದು ಬಿಟ್ಟುಕೊಟ್ಟರು. ಅದಕ್ಕೆ ಇಂದಿಗೂ ಹೊಸ ಆವೃತ್ತಿಗಳು ಬರುತ್ತಿವೆ. ಕಾಸು ಕೊಡಬೇಕಿಲ್ಲ.

ಹೊಸಬರು ಮೊದಲು ಹಾಕುವುದು ಕಲ್ಲಿದ್ದಲ ಗಾಡಿಯನ್ನೇ. ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಒಂದು ಹಳಿ, ಒಂದು ಉಗಿಬಂಡಿ, ಹಿಂದೆ ಒಂದಿಷ್ಟು ವ್ಯಾಗನ್. ಕೂಲಿಯ ಲೆಕ್ಕದಲ್ಲಿ ಮೂರು ಸಂಗತಿ ಸೇರುತ್ತವೆ: ಎಷ್ಟು ಸರಕು, ಎಷ್ಟು ದೂರ, ಎಷ್ಟು ದಿನ. ಕಲ್ಲಿದ್ದಲು ತಡವಾಗಿ ಬಂದರೂ ಕೂಲಿ ಹೆಚ್ಚೇನೂ ಇಳಿಯುವುದಿಲ್ಲ. ಪ್ರಯಾಣಿಕರದ್ದು ಬೇಗ ಇಳಿಯುತ್ತದೆ. ದೂರವನ್ನು ಅಳೆಯುವ ರೀತಿಯಂತೂ ಸ್ವಾರಸ್ಯಕರ. ಹಳಿ ಎಷ್ಟು ಉದ್ದ ಎಂದು ಆಟ ಕೇಳುವುದೇ ಇಲ್ಲ. ಎರಡು ನಿಲ್ದಾಣಗಳ ನಡುವೆ ಚೌಕುಳಿ ನಕ್ಷೆಯಲ್ಲಿ ಅಡ್ಡಕ್ಕೆ ಎಷ್ಟು ಮನೆ, ಉದ್ದಕ್ಕೆ ಎಷ್ಟು ಮನೆ ಎಂದು ಎಣಿಸಿ ಕೂಡುತ್ತದೆ. ಗುಡ್ಡ ಬಳಸಿ ಸುತ್ತು ಹೊಡೆದರೆ ಆ ಸುತ್ತು ನಿಮ್ಮ ಖರ್ಚು.

ನಿಜವಾದ ರೈಲ್ವೆಯಲ್ಲಿ ದೂರದ ಲೆಕ್ಕ ಇಷ್ಟು ಮುಗ್ಧವಲ್ಲ. ಸುರಂಗ, ಸೇತುವೆಗಳ ವೆಚ್ಚ ಹೊರಲು ಕೊಂಕಣ ರೈಲ್ವೆಯಲ್ಲಿ ಪ್ರಯಾಣದ ದೂರವನ್ನು ಕಾಗದದ ಮೇಲೆ ಶೇ. 40ರಷ್ಟು ಹಿಗ್ಗಿಸಿ ಟಿಕೆಟ್ ದರ ಗೊತ್ತುಮಾಡಿದರು. ಕಾರವಾರ, ಕುಮಟಾ ಕಡೆಯವರು ಹೋಗದ ದೂರಕ್ಕೂ ಹಣ ಕೊಟ್ಟಿದ್ದಾರೆ. ಇದಕ್ಕೆ ಉಲ್ಟಾ ಆದದ್ದೂ ಇದೆ. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ನಮ್ಮ ಸರ್ಕಾರ ಉಕ್ಕಿನಂಥ ಸರಕಿಗೆ ಸಾಗಣೆ ವೆಚ್ಚವನ್ನು ದೇಶವಿಡೀ ಸಮಗೊಳಿಸಿತ್ತು. ಕಾರ್ಖಾನೆಯ ಪಕ್ಕದಲ್ಲಿ ಕೊಂಡರೂ ಸಾವಿರ ಮೈಲಿ ಆಚೆ ಕೊಂಡರೂ ಉಕ್ಕಿಗೆ ಒಂದೇ ಬೆಲೆ. ಗಣಿ ಪಕ್ಕದಲ್ಲೇ ಇದ್ದೂ ಬಿಹಾರ, ಒಡಿಶಾಗಳಿಗೆ ಅದರ ಲಾಭ ಸಿಗಲಿಲ್ಲ. ಉದ್ದಿಮೆಗಳು ಪಶ್ಚಿಮ ಮತ್ತು ದಕ್ಷಿಣದಲ್ಲಿ ಬೆಳೆದವು. ಸಾಯರ್ ಅವರ ಆಟದಲ್ಲಿ ದೂರವನ್ನು ಹೀಗೆ ಅಳಿಸಿಬಿಟ್ಟರೆ ಆಡಲು ಏನೂ ಉಳಿಯುವುದಿಲ್ಲ.

ಇಷ್ಟಾದರೂ ಇದನ್ನು ಅರ್ಥಶಾಸ್ತ್ರದ ಪಾಠವೆಂದು ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿದ್ಯುತ್ ಸ್ಥಾವರಕ್ಕೆ ಎಷ್ಟು ಕಲ್ಲಿದ್ದಲು ಸುರಿದರೂ ಸಾಕೆನ್ನುವುದಿಲ್ಲ, ಕೂಲಿ ಇಳಿಸುವುದಿಲ್ಲ. ಕೊಳ್ಳುವವನಿಗೆ ಹೊಟ್ಟೆ ತುಂಬದ ಸಂತೆ ಅದು. ಮೊದಲ ಕೆಲವು ವರ್ಷ ಸಾಲದ ಬಿಸಿ ತಟ್ಟುತ್ತದೆ, ನಿಜ. (ಆಟದ ಒಂದು ವರ್ಷವೆಂದರೆ ನಮ್ಮ ಹತ್ತು–ಹದಿನೈದು ನಿಮಿಷ.) ಆಮೇಲೆ ಹಣ ಬಂದು ಬೀಳುತ್ತಲೇ ಇರುತ್ತದೆ. ಸಾಹುಕಾರನಾಗುವ ಆಟದಲ್ಲಿ ಸಾಹುಕಾರಿಕೆ ಅಷ್ಟು ಬೇಗ ಅಗ್ಗವಾಗುತ್ತದೆ.

ನಿಜವಾದ ಆಟ ಶುರುವಾಗುವುದು ಅಲ್ಲಿಂದ. ಒಂಟಿ ಹಳಿಯ ಮೇಲೆ ಎರಡನೆಯ ಗಾಡಿ ಬಿಟ್ಟ ಕೂಡಲೇ ಸಿಗ್ನಲ್ ಬೇಕು. ಎರಡು ಸಿಗ್ನಲ್‌ಗಳ ನಡುವಿನ ತುಂಡು ಹಳಿಗೆ ಬ್ಲಾಕ್ ಎನ್ನುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕು. ನಮ್ಮ ರೈಲುಗಳ ಸುರಕ್ಷತೆ ನಿಂತಿರುವುದೂ ಇದೇ ನಿಯಮದ ಮೇಲೆ. ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಲೂಪ್ ಲೈನ್ ಮರೆತರೆ ಎರಡು ಗಾಡಿಗಳು ಎದುರುಬದುರು ನಿಂತು, ಯಾವುದೂ ಕದಲದೆ, ಹಿಂದೆ ಇನ್ನೈದು ಸಾಲುಗಟ್ಟುತ್ತವೆ. ‘ಕ್ರಾಸಿಂಗ್‌ಗೆ ನಿಂತಿದೆ’ ಎಂದು ಗೊಣಗುತ್ತಾ ಸಣ್ಣ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಕಳೆದವರು ಈ ಆಟವನ್ನು ಒಮ್ಮೆ ಆಡಬೇಕು. ಒಳಗೆ ಕೂತು ಬೈಯುವವನಿಗೆ ಕಾಣುವುದು ತನ್ನ ಗಾಡಿ. ಮೇಲಿನಿಂದ ನೋಡಿದಾಗ ಕಾಣುವುದು ಹಳಿಯ ಕೊರತೆ. ನಾಲ್ಕು ಹಳಿ ಕೂಡುವ ಜಂಕ್ಷನ್ನಿನಲ್ಲಿ ಒಂದು ಗಾಡಿ ಕ್ಷಣಕಾಲ ತಡೆದರೂ ಹತ್ತು ನಿಲ್ದಾಣಗಳಾಚೆ ಗಣಿಯ ಬಾಯಲ್ಲಿ ಕಲ್ಲಿದ್ದಲು ರಾಶಿ ಬೀಳುತ್ತದೆ. ಪಳಗಿದವರು ಮೇಲ್ಸೇತುವೆ, ಕೆಳಸುರಂಗ ಹೆಣೆದು, ಯಾವ ಗಾಡಿಯೂ ಇನ್ನೊಂದಕ್ಕೆ ಕಾಯದಂಥ ಜಂಕ್ಷನ್ ಕಟ್ಟುತ್ತಾರೆ. ಕೆಲವರಂತೂ ಸಿಗ್ನಲ್ ಮತ್ತು ಗಾಡಿಗಳನ್ನೇ ಬಳಸಿ ಕೂಡುವ ಲೆಕ್ಕ ಮಾಡುವ ಯಂತ್ರ ಕಟ್ಟಿದ್ದಾರೆ. ಆ ಹುಚ್ಚಿಗೆ ಲಾಭದ ಹಂಗಿಲ್ಲ.

ದೆಹಲಿ–ಮುಂಬೈ, ದೆಹಲಿ–ಹೌರಾ ಮಾರ್ಗಗಳಲ್ಲೂ ಸರಕಿಗೆ ಬರವಿರಲಿಲ್ಲ, ಹಳಿಗಿತ್ತು. ಒಂದೇ ಹಳಿಯ ಮೇಲೆ ವೇಗದ ಎಕ್ಸ್‌ಪ್ರೆಸ್ಸು, ನಿಧಾನದ ಗೂಡ್ಸು ಎರಡನ್ನೂ ಓಡಿಸಿದರೆ ಗೂಡ್ಸನ್ನು ಲೂಪಿಗೆ ತಳ್ಳಲೇಬೇಕು. ಗೂಡ್ಸಿಗಾಗಿಯೇ ಪೂರ್ವದಲ್ಲಿ 1,337 ಕಿ.ಮೀ., ಪಶ್ಚಿಮದಲ್ಲಿ 1,506 ಕಿ.ಮೀ. ಪ್ರತ್ಯೇಕ ಹಳಿ ಹಾಕಲು ಹೊರಟದ್ದು ಈ ಕಾರಣಕ್ಕೇ. ವೇಗದ ಗಾಡಿಯನ್ನೂ ನಿಧಾನದ್ದನ್ನೂ ಬೇರೆ ಮಾಡಬೇಕೆಂಬುದು ಓಪನ್ ಟಿಟಿಡಿ ಆಡುವವರಿಗೆ ಎರಡನೇ ವಾರಕ್ಕೇ ಹೊಳೆಯುತ್ತದೆ. ಅವರಿಗೆ ಭೂಸ್ವಾಧೀನದ ತಂಟೆ ಇಲ್ಲವಲ್ಲ!

ಆಟ ಸುಳ್ಳು ಹೇಳುವುದೂ ಇಲ್ಲಿಯೇ. ಮರ ಕಡಿದರೆ ಪಕ್ಕದ ಊರಿನ ಆಡಳಿತ ಮುನಿದು ನಿಲ್ದಾಣಕ್ಕೆ ಅನುಮತಿ ನಿರಾಕರಿಸುತ್ತದೆ. ಸಾಲಾಗಿ ಸಸಿ ನೆಟ್ಟರೆ ಕೂಡಲೇ ಒಲಿಯುತ್ತದೆ. ಲಂಚ ಕೊಡುವ ಗುಂಡಿಯೂ ಇದೆ. ಸಿಕ್ಕಿಬಿದ್ದರೆ ಕೆಟ್ಟ ಹೆಸರು. ಲಂಚಕ್ಕಿಂತ ಸಸಿ ಅಗ್ಗ ಮತ್ತು ನಿರಪಾಯ ಎಂಬುದು ಆಟಗಾರರು ಕಂಡುಕೊಂಡ ಸತ್ಯ. ನಿಜದಲ್ಲಿ ಹಾಗಿಲ್ಲ: ಬಳ್ಳಾರಿ ಸೀಮೆಯ ಅದಿರನ್ನು ಕರಾವಳಿಗೆ ಮುಟ್ಟಿಸಬೇಕಿದ್ದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಘಟ್ಟದ ಕಾಡಿನ ಪ್ರಶ್ನೆಯ ಮುಂದೆ ದಶಕಗಳಿಂದ ನಿಂತಿದೆ. ಕಡಿದ ಕಾಡಿಗೆ ಬದಲಾಗಿ ಇನ್ನೆಲ್ಲೋ ಸಸಿ ನೆಡುವ ಲೆಕ್ಕ ನಮ್ಮ ಕಡತಗಳಲ್ಲೂ ಇದೆ. ಆದರೆ ಘಟ್ಟದ ಕಾಡು ಸಸಿಗಳ ಮೊತ್ತವಲ್ಲ.

ಪ್ರಯಾಣಿಕರ ವಿಷಯದಲ್ಲಿ ಮೂಲ ಆಟ ಇನ್ನೂ ವಿಚಿತ್ರ. ನಿಲ್ದಾಣಕ್ಕೆ ಬಂದವರಿಗೆ ಹೋಗಬೇಕಾದ ಊರೇ ಇಲ್ಲ. ಯಾವ ಗಾಡಿ ಬಂದರೂ ಹತ್ತುತ್ತಾರೆ, ಎಲ್ಲಿ ಇಳಿಸಿದರೂ ಇಳಿದು ಹಣ ಕೊಡುತ್ತಾರೆ. ಕಲ್ಲಿದ್ದಲಿಗೂ ಅವರಿಗೂ ಇರುವ ವ್ಯತ್ಯಾಸ ಅವಸರವೊಂದೇ. ಹೀಗಾಗಿ ಆಟಗಾರ ತನಗೆ ಲಾಭವಿರುವ ಎರಡು ದೂರದ ಊರು ಆಯ್ದು, ನಡುವಿನ ಹಳ್ಳಿಗಳನ್ನು ದಾಟಿಕೊಂಡು ಹೋಗುತ್ತಾನೆ. 2014ರಲ್ಲಿ ಓಪನ್ ಟಿಟಿಡಿಗೆ ‘ಕಾರ್ಗೋಡಿಸ್ಟ್’ ಸೇರಿದ ಮೇಲೆ ಪ್ರತಿ ಪ್ರಯಾಣಿಕನಿಗೂ ಒಂದು ಗುರಿ ಬಂತು: ಇಂಥ ಊರಿಗೇ ಹೋಗಬೇಕು, ನಡುವೆ ಗಾಡಿ ಬದಲಿಸಿಯಾದರೂ. ಹೋದವರಷ್ಟೇ ಜನ ಮರಳುವಂತೆಯೂ ಮಾಡಬಹುದು. ಅದನ್ನು ಚಾಲೂ ಮಾಡಿದರೆ ಸಲೀಸಾಗಿ ಓಡುತ್ತಿದ್ದ ಜಾಲ ಒಮ್ಮೆಗೇ ಬಿಗಿಯುತ್ತದೆ. ಒಂದು ಹಳ್ಳಿಯ ಬಸ್ಸನ್ನು ಜೋಡಿಸಿದ್ದಕ್ಕೆ ದೊಡ್ಡ ಜಂಕ್ಷನ್ನಿನಲ್ಲಿ ನೂರಾರು ಜನ ಹೆಚ್ಚುತ್ತಾರೆ. ಆದಾಯ ಏರುಪೇರಾಗುತ್ತದೆ, ಆಟ ಕಷ್ಟವಾಗುತ್ತದೆ, ನನ್ನ ಮಟ್ಟಿಗೆ ಆಗಲೇ ಅದು ಆಡಲು ಯೋಗ್ಯವೂ ಆಗುತ್ತದೆ.

ಈ ಸೌಲಭ್ಯ ತಾನಾಗಿ ಚಾಲೂ ಇರುವುದಿಲ್ಲ. ಹೊಸದಾಗಿ ಆಡುವವರು ಮೊದಲ ಕಲ್ಲಿದ್ದಲ ಗಾಡಿ ಓಡಿಸಿ ಕೈ ಪಳಗಿಸಿಕೊಂಡ ಮೇಲೆ, ಎರಡನೇ ಆಟಕ್ಕೆ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರಯಾಣಿಕರಿಗಾದರೂ ಅದನ್ನು ಚಾಲೂ ಮಾಡಿಕೊಳ್ಳಿ.