ಪುಟ್ಟ ಮಕ್ಕಳಿಗೆ ದಿನವೂ ಸೋಪಿನ ಸ್ನಾನ ಬೇಕೇ?

ಚರ್ಮದ ತೊಂದರೆಯೆಂದು ನನ್ನ ಕ್ಲಿನಿಕ್‌ಗೆ ಎತ್ತಿಕೊಂಡು ಬರುವ ಎಳೆಯ ಮಕ್ಕಳಲ್ಲಿ ಸ್ನಾನ ಕಡಿಮೆಯಾದ್ದರಿಂದ ಕಾಯಿಲೆ ಬಿದ್ದವರು ಅಪರೂಪ. ಸ್ನಾನ ಅತಿಯಾಗಿ ಮೈ ಒಣಗಿದವರೇ ಹೆಚ್ಚು. ಒರಟಾದ ಕೆನ್ನೆ, ಮೊಣಕಾಲಿನ ಹಿಂಬದಿಯಲ್ಲಿ ಕೆಂಪು, ರಾತ್ರಿಯಿಡೀ ತುರಿಕೆ. "ದಿನಕ್ಕೆ ಎರಡು ಸಲ ಸೋಪು ಹಚ್ಚಿ ತಿಕ್ಕಿ ಮೀಯಿಸುತ್ತೇವೆ ಡಾಕ್ಟ್ರೇ, ಆದರೂ ಹೀಗಾಗಿದೆ" ಎನ್ನುತ್ತಾರೆ ತಾಯಂದಿರು. ಅಲ್ಲಿ 'ಆದರೂ' ಎಂಬ ಮಾತನ್ನು ತೆಗೆದು 'ಅದಕ್ಕೇ' ಎಂದು ಹೇಳಿಕೊಂಡರೆ ಕಾರಣ ಅಲ್ಲೇ ಸಿಗುತ್ತದೆ.

ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬಿದ ನಮಗೆ, ಮಗುವಿಗೆ ಸ್ನಾನ ಕಡಿಮೆ ಮಾಡಿಸಿ ಎಂದರೆ ವಿಚಿತ್ರವೆನಿಸಬಹುದು. ಆದರೆ ಮಗುವನ್ನು ಶುಚಿಯಾಗಿಡುವುದು ಬೇರೆ, ನೆತ್ತಿಯಿಂದ ಪಾದದವರೆಗೆ ದಿನವೂ ನೊರೆ ಹಚ್ಚಿ ತೊಳೆಯುವುದು ಬೇರೆ. ಶುಕ್ರವಾರದ ಗುಸ್ಲ್ ಬಗ್ಗೆ ಹದೀಸ್‌ನಲ್ಲಿ ಒತ್ತಿ ಹೇಳಿರುವುದೂ ಪ್ರಾಯಕ್ಕೆ ಬಂದವರನ್ನು ಕುರಿತೇ ಹೊರತು ತೊಟ್ಟಿಲ ಮಗುವನ್ನು ಕುರಿತಲ್ಲ.

ನನಗೆ ಹೆಚ್ಚು ಆತಂಕವಾಗುವುದು ಹುಟ್ಟಿದ ದಿನದ ಸ್ನಾನದ ಬಗ್ಗೆ. ಹೆರಿಗೆಯಾದ ಕೂಡಲೇ ಮಗುವನ್ನು ಮೀಯಿಸಿ ಕೊಡಿ, ಕಿವಿಯಲ್ಲಿ ಅಝಾನ್ ಹೇಳಬೇಕು ಎಂದು ಕೆಲವರು ಆಸ್ಪತ್ರೆಯ ನರ್ಸ್‌ಗಳನ್ನು ಅವಸರ ಮಾಡುತ್ತಾರೆ. ಅಝಾನ್ ಹೇಳಲು ಸ್ನಾನ ಷರತ್ತಲ್ಲ. ಅನುಮಾನವಿದ್ದರೆ ನಿಮ್ಮ ಊರಿನ ಉಲಮಾರನ್ನು ಕೇಳಿ ನೋಡಿ. ಮೆತ್ತನೆಯ ಒಣ ಬಟ್ಟೆಯಿಂದ ರಕ್ತ, ನೀರು ಒರೆಸಿದರೆ ಸಾಕು. ತಾಯಿಯ ಗರ್ಭದ ಬಿಸಿಯಿಂದ ಹೊರಬಂದ ಶಿಶುವಿಗೆ ತನ್ನ ಮೈಯ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಒದ್ದೆ ಮೈ ಬೇಗ ತಣ್ಣಗಾಗುತ್ತದೆ. ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಗು ಮಂಕಾಗುತ್ತದೆ, ಹಾಲು ಕುಡಿಯುವುದನ್ನು ಬಿಡುತ್ತದೆ. ತೂಕ ಕಡಿಮೆಯಿರುವ ಮಗುವಾದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಮೇಲಿನ ಬೆಣ್ಣೆಯಂತಹ ಬಿಳಿ ಪದರವನ್ನು ಕೊಳೆಯೆಂದು ಉಜ್ಜಿ ತೆಗೆಯಬಾರದು. ಅದು ಚರ್ಮಕ್ಕೆ ಅಲ್ಲಾಹನು ಕೊಟ್ಟು ಕಳಿಸಿದ ಕಾವಲು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಾದರೆ 24 ಗಂಟೆಯ ಲೆಕ್ಕವೂ ಸಾಲದು. ವೈದ್ಯರು ಒಪ್ಪುವವರೆಗೆ ಒರೆಸುವುದಷ್ಟೇ, ಉಳಿದ ಹೊತ್ತು ತಾಯಿಯ ಎದೆಗೆ ತಾಗಿಸಿ ಮಲಗಿಸುವುದು.

ಮನೆಗೆ ಬಂದ ಮೇಲೆ ಹೊಕ್ಕುಳ ಬಳ್ಳಿ ಒಣಗಿ ಬೀಳುವವರೆಗೂ, ಅಂದರೆ ಸುಮಾರು ಒಂದೆರಡು ವಾರ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಮ್ಮಲ್ಲಿ ಆಗುವುದೇ ಬೇರೆ. ಬಾಣಂತಿ ಮತ್ತು ಮಗುವನ್ನು ಮೀಯಿಸಲು ಬರುವ ಹೆಂಗಸು ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿ, ಚೊಂಬಿನಿಂದ ಬಿಸಿನೀರು ಸುರಿಯುತ್ತಾರೆ. ರೋಮ ಹೋಗಲೆಂದು ಕಡ್ಲೆಹಿಟ್ಟಿನಿಂದ ತಿಕ್ಕುತ್ತಾರೆ, ಮೂಗು ಕಿವಿಗೆ ಎಣ್ಣೆ ಬಿಡುತ್ತಾರೆ, ಕೊನೆಗೆ ಲೋಬಾನದ ಹೊಗೆ. ಅವರ ಕೈಯ ಮಾಲೀಶಿನಲ್ಲಿ ಒಳ್ಳೆಯದಿದೆ, ಅದು ಮುಂದುವರಿಯಲಿ. ಹಿಟ್ಟು, ಮೂಗಿನ ಎಣ್ಣೆ, ಹೊಗೆ ಈ ಮೂರನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಹೊಗೆಯಂತೂ ಎಳೆಯ ಎದೆಗೆ ವಿಷ. (ಸ್ನಾನದ ನಂತರ ಹಚ್ಚುವ ಸುರ್ಮಾದ ಬಗ್ಗೆಯೂ ಎಚ್ಚರವಿರಲಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ.)

ಯುನಾನಿ ಪದ್ಧತಿಯ ಪ್ರಕಾರ ಶಿಶುವಿನ ಮಿಝಾಜ್, ಅಂದರೆ ದೇಹಪ್ರಕೃತಿ, ಬಿಸಿ ಮತ್ತು ತೇವದ್ದು. ಆ ತೇವವೇ ಅದರ ಬೆಳವಣಿಗೆಯ ಬಂಡವಾಳ. ದಿನವೂ ಸೋಪು ಹಚ್ಚಿದರೆ ಚರ್ಮದ ಜಿಡ್ಡು ಹೋಗಿ ಆ ತೇವ ಆರಿಹೋಗುತ್ತದೆ. ಮಗುವಿಗೆ ದಿನಕ್ಕೆ ಎರಡು ಮೂರು ಬಾರಿ ಸ್ನಾನ ಮಾಡಿಸಬಹುದೆಂದು ಇಬ್ನು ಸೀನಾರೇ ಬರೆದಿದ್ದಾರಲ್ಲ ಎಂದು ಓದಿದವರು ಕೇಳಬಹುದು. ನಿಜ. ಆದರೆ ಅವರು ಹೇಳಿದ್ದು ಉಗುರುಬೆಚ್ಚಗಿನ ನೀರಿನಲ್ಲಿ, ಸ್ವಲ್ಪವೇ ಹೊತ್ತು ಮಾಡಿಸುವ ಸ್ನಾನದ ಬಗ್ಗೆ. ಇಂದಿನ ಸೋಪು ಅವರ ಮುಂದಿರಲಿಲ್ಲ. ನವಜಾತ ಶಿಶುವಿನ ಮೈಗೆ ಉಪ್ಪು ಹಚ್ಚುವ ಸಲಹೆಯೂ ಅದೇ ಗ್ರಂಥದಲ್ಲಿದೆ. ಇಂದು ಯಾವ ಹಕೀಮರೂ ಅದನ್ನು ಮಾಡಿಸಬಾರದು. ಉಪ್ಪು ಎಳೆಯ ಚರ್ಮದ ಮೂಲಕ ರಕ್ತಕ್ಕೆ ಸೇರಿ ಪ್ರಾಣಾಪಾಯವಾದದ್ದುಂಟು.

ಹಾಗಾದರೆ ಎಷ್ಟು ಸಲ? ಒಂದು ವರ್ಷದವರೆಗೆ ವಾರಕ್ಕೆ ಮೂರು ಪೂರ್ಣ ಸ್ನಾನ ಸಾಕು. ಉಳಿದ ದಿನ ಮುಖ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದುಗಳನ್ನು ತೊಳೆದು ಚೆನ್ನಾಗಿ ಒರೆಸಬೇಕು. ಹಾಲು ಇಳಿದು ಹುಣ್ಣಾಗುವುದು ಕತ್ತಿನ ಮಡಿಕೆಯಲ್ಲೇ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು, ಭಟ್ಕಳದ ಬೆವರಿಗೆ ಅಥವಾ ಕಲಬುರಗಿಯ ಬಿಸಿಲಿಗೆ ದಿನವೂ ಮೈಗೆ ನೀರು ಹಾಕಿ, ಬೇಡವೆನ್ನುವುದಿಲ್ಲ. ಬರಿಯ ನೀರು ಮಾತ್ರ. ಮಡಿಕೇರಿಯ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ನಡೆಯುತ್ತದೆ. ಅಂಬೆಗಾಲಿಟ್ಟು ಮಣ್ಣಿಗಿಳಿದ ಮೇಲೆ ದಿನಕ್ಕೊಮ್ಮೆ ಮೀಯಿಸಬಹುದು, ಆಗಲೂ ಸೋಪು ಕೈ, ಕಾಲು ಮತ್ತು ಕೆಳಭಾಗಕ್ಕಷ್ಟೇ ಸಾಕು. ನೀರಿನ ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿ, ಅಂಗೈಯ ಅಂದಾಜು ನಂಬಬೇಡಿ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಸಿ, ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಸ್ವಲ್ಪ ಪಸೆಯಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಕ್ರಿಮಿನಾಶಕ ಸೋಪು ಎಳೆ ಮಕ್ಕಳಿಗೆ ಬೇಡವೇ ಬೇಡ.

ಇನ್ನೊಂದು ವಿಷಯವನ್ನು ತಾಯಂದಿರು ಸಂಕೋಚದಿಂದ ಹೇಳುತ್ತಾರೆ. ಮಗು ಮೂತ್ರ ಮಾಡಿದಾಗಲೆಲ್ಲ ಇಡೀ ಮೈ ತೊಳೆಸುತ್ತಾರೆ, ಮಗುವನ್ನೆತ್ತಿಕೊಂಡರೆ ತಮ್ಮ ಬಟ್ಟೆ ನಜಸ್ ಆಗಿ ನಮಾಝ್ ತಪ್ಪೀತೆಂಬ ಭಯ. ಚಳಿಯಲ್ಲಿ ದಿನಕ್ಕೆ ನಾಲ್ಕೈದು ಸಲ ಮೈ ನೆನೆದರೆ ಮಗು ತಣ್ಣಗಾಗುತ್ತದೆ, ಚರ್ಮವೂ ಒಣಗುತ್ತದೆ. ಮೂತ್ರ ತಾಗಿದ ಜಾಗವನ್ನಷ್ಟೇ ನೀರಿನಿಂದ ತೊಳೆದರೆ ಆಯಿತು. ನಿಮ್ಮ ಬಟ್ಟೆಗೂ ಅದೇ ನಿಯಮ. ನಮಾಝ್‌ಗೆಂದೇ ಒಂದು ಜೊತೆ ಬಟ್ಟೆಯನ್ನು ಬೇರೆ ಇಟ್ಟುಕೊಂಡರೆ ಮನಸ್ಸಿಗೂ ನೆಮ್ಮದಿ.

ಮನೆಯ ದಾದಿ, ನಾನಿಯರಿಗೆ ಇದೆಲ್ಲ ಹೊಸ ಕಾಲದ ಸೋಮಾರಿತನವೆನಿಸಬಹುದು. ಅವರೊಡನೆ ವಾದಕ್ಕೆ ನಿಲ್ಲಬೇಡಿ. ಎಣ್ಣೆ ಹಚ್ಚಿ ಮೈ ನೀವುವ ಕೆಲಸವನ್ನು ಅವರ ಕೈಗೇ ಕೊಡಿ, ಸೋಪಿನ ಡಬ್ಬಿಯನ್ನು ಮಾತ್ರ ನಿಮ್ಮ ಬಳಿ ಇಟ್ಟುಕೊಳ್ಳಿ.