ತಮಟೆ ಯಾರ ಬೆನ್ನಿಗೆ?

ನಮ್ಮ ಕೇರಿಯ ಹುಡುಗರು ಮೊಬೈಲಿನಲ್ಲಿ ಒಂದು ನಗೆ ವಿಡಿಯೋ ಮಾಡಿದರು. ಕೊಳವೆಬಾವಿಯ ದುಡ್ಡು ನುಂಗಿದ ಮುಖಂಡನ ಕಥೆ. ಮುಖಂಡ ಕಾರಿನಿಂದ ಇಳಿದರೆ ಹಿಂದೆ ಸಿನಿಮಾ ಹೀರೋನ ಅಬ್ಬರದ ಸಂಗೀತ. ನೀರು ಕೇಳೋಕೆ ಬಂದ ಕೂಲಿಯವನು ಹೆಜ್ಜೆ ಇಟ್ಟರೆ ತಮಟೆ, ಎಡವಿದರೆ 'ಡಬ್', ಬಾಯಿ ತೆರೆದರೆ ಕತ್ತೆ ಅರಚುವ ಸದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಜೀವಮಾನವೆಲ್ಲ ತಮಟೆ ಬಡಿದ ಮುದುಕರೊಬ್ಬರು ಮಾತ್ರ ನಗಲಿಲ್ಲ. "ಅಲ್ಲ ಕಣ್ರಲಾ, ದುಡ್ಡು ತಿಂದೋನು ಅವನು. ನಗೆಪಾಟಲು ಮಾಡಿದ್ದು ನಮ್ಮೋನ್ನ" ಅಂದು ಎದ್ದು ಹೋದರು.

ಗೆಳೆಯರೇ, ಕಥೆ ನಮ್ಮದು. ಸದ್ದು ಯಾರದು? ಸದ್ದು ಬರೀ ಒಗ್ಗರಣೆ ಅಲ್ಲ. ಯಾರನ್ನು ನೋಡಿ ನಗಬೇಕು ಅಂತ ಕಿವಿ ಹಿಂಡಿ ಹೇಳುವುದೇ ಅದು.

ತಮಟೆಯನ್ನೇ ನೋಡಿ. ಬೆಂಕಿಗೆ ಕಾಯಿಸಿದರೆ ಬಿಗಿಯಾಗುವ ಚರ್ಮ ಅದು. ಊರಿನ ಹೆಣಕ್ಕೆ, ಜಾತ್ರೆಗೆ, ಡಂಗುರಕ್ಕೆ ನಮ್ಮ ಹಿರಿಯರು ಅದನ್ನು ಬಿಟ್ಟಿಯಾಗಿ ಬಡಿದರು. ಅದೇ ತಮಟೆ ಮುಂದೆ ಹೋರಾಟದ ಮೆರವಣಿಗೆಗಳ ಎದೆಬಡಿತವಾಯಿತು. ಈಗ ಅದನ್ನು ಕುಡುಕನ ತೂರಾಟಕ್ಕೆ, ಬಡವನ ಹರಕು ಅಂಗಿಗೆ ಬಾರಿಸುತ್ತೀರಲ್ಲ, ಇದು ಯಾವ ಬಂಡಾಯ?

ಚಾಪ್ಲಿನ್ ಏನು ಮಾಡಿದ ನೋಡಿ. 1931ರ 'ಸಿಟಿ ಲೈಟ್ಸ್' ಹೊತ್ತಿಗೆ ಮಾತಿನ ಸಿನಿಮಾ ಬಂದಾಗಿತ್ತು. ಚಿತ್ರದ ಶುರುವಿನಲ್ಲೇ ಪ್ರತಿಮೆ ಅನಾವರಣ, ದೊಡ್ಡವರ ಭಾಷಣ. ಅವರ ಬಾಯಿಂದ ಮಾತೇ ಬರುವುದಿಲ್ಲ. ಪೀಪಿ ಕೀಚಿದಂಥ ಸದ್ದು ಬರುತ್ತದೆ! ಹೊದಿಕೆ ಎತ್ತಿದರೆ ಪ್ರತಿಮೆಯ ಮಡಿಲಲ್ಲಿ ಮನೆಯಿಲ್ಲದವನೊಬ್ಬ ಮಲಗಿದ್ದಾನೆ. 1940ರ 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ ಸರ್ವಾಧಿಕಾರಿಯ ಅರ್ಥವಿಲ್ಲದ ಗರ್ಜನೆಗೆ ಮೈಕೇ ಹೆದರಿ ಬಾಗುತ್ತದೆ. ಎರಡು ಕಡೆಯೂ ಚೇಷ್ಟೆಯ ಸದ್ದು ಬಿದ್ದದ್ದು ಗದ್ದುಗೆಯ ಮೇಲೆ.

ಇನ್ನು ನೀವು ಅಂಟಿಸುವ ಎರವಲು ನಗು. ಅಮೆರಿಕದ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ಎಂಜಿನಿಯರ್ 1950ರ ದಶಕದಲ್ಲಿ ಒಂದು ಪೆಟ್ಟಿಗೆ ಕಟ್ಟಿದ. ಕೀಲಿ ಒತ್ತಿದರೆ ಮುದ್ರಿಸಿಟ್ಟ ನಗು ಹೊರಬೀಳುತ್ತಿತ್ತು. ನಗುವನ್ನೂ ಜೀತಕ್ಕಿಟ್ಟ ಪೆಟ್ಟಿಗೆ ಅದು. ನಮ್ಮ ಜನಕ್ಕೆ ಎಲ್ಲಿ ನಗಬೇಕು ಅಂತ ಹೇಳಿಕೊಡಬೇಕಾ?

ಹಾಗಾದರೆ ಮಾಡುವುದೇನು? ಮುಖಂಡನ ಭಾಷಣದ ಮೇಲಿನ ಕೆಳಗಿನ ಸ್ವರ ಎರಡನ್ನೂ ಕತ್ತರಿಸಿ. ಹರಕು ಧ್ವನಿವರ್ಧಕದಿಂದ ಬಂದಂತೆ ತೆಳುವಾಗಿ ಕೇಳುತ್ತದೆ. ಅವನು "ನೀರು ಕೊಟ್ಟೆ" ಅಂದ ತಕ್ಷಣ ಒಣ ನಲ್ಲಿಯ 'ಸುಸ್' ಕೇಳಿಸಿ. ನಮ್ಮ ಹೆಣ್ಣುಮಗಳು ಖಾಲಿ ಕೊಡ ನೆಲಕ್ಕಿಟ್ಟ ಸದ್ದನ್ನು ನಿಮ್ಮ ಬೀದಿಯಲ್ಲೇ ಮುದ್ರಿಸಿ. ಅದಾದ ಮೇಲೆ ಒಂದು ಗಳಿಗೆ ಎಲ್ಲ ಸದ್ದೂ ನಿಲ್ಲಿಸಿ. ಆ ಮೌನ ಚುಚ್ಚಿದಂತೆ ಯಾವ ಸಂಗೀತವೂ ಚುಚ್ಚುವುದಿಲ್ಲ. ಕೂಲಿಯವನ ಮಾತಿನ ಮೇಲೆ ಮಾತ್ರ ಏನನ್ನೂ ಹೇರಬೇಡಿ, ಅದು ಸ್ಪಷ್ಟವಾಗಿ ಕೇಳಲಿ. ಕೊನೆಗೆ ಎಲ್ಲವನ್ನೂ ಅಗ್ಗದ ಮೊಬೈಲಿನಲ್ಲೇ ಕೇಳಿ ನೋಡಿ. ಅದರ ಪುಟ್ಟ ಸ್ಪೀಕರಿನಲ್ಲಿ ತಗ್ಗು ಸ್ವರ ಸಾಯುತ್ತದೆ. ನಮ್ಮ ಜನ ಕೇಳುವುದು ಅದರಲ್ಲೇ.

ನಗುವುದು ತಪ್ಪಲ್ಲ. ನೂರಾರು ವರ್ಷ ನಮ್ಮನ್ನು ನೋಡಿ ಊರು ನಕ್ಕಿದೆ. ಈಗ ನಗುವ ಸರದಿ ನಮ್ಮದು. ತಮಟೆ ಕಾಯಿಸಿ. ಆದರೆ ಬಡಿಯುವ ಮೊದಲು ಯಾರ ಬೆನ್ನಿಗೆ ಅಂತ ನೋಡಿಕೊಳ್ಳಿ.