‘ಇಲ್ಲ’ ಎನ್ನಲಾರದವರ ಬ್ಯಾಕ್‌ಲಾಗ್

“ಒಳ್ಳೆಯ ಐಡಿಯಾ, ಬ್ಯಾಕ್‌ಲಾಗ್‌ಗೆ ಹಾಕೋಣ.” ಪುಣೆಯ ಹಿಂಜೆವಾಡಿಯಿಂದ ಹೈದರಾಬಾದಿನ ಗಚ್ಚಿಬೌಲಿಯವರೆಗೆ, ಸಾಫ್ಟ್‌ವೇರ್ ಕಚೇರಿಗಳ ಮೀಟಿಂಗುಗಳಲ್ಲಿ ಇಷ್ಟು ಸಲೀಸಾಗಿ ಹೇಳುವ ಸುಳ್ಳು ಇನ್ನೊಂದಿಲ್ಲ. ಕೇಳಿದವರಿಗೆ ಸಮಾಧಾನ, ಹೇಳಿದವರಿಗೆ ಬಿಡುಗಡೆ. ಆ ಕೆಲಸ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಸರ್ಕಾರಿ ಕಚೇರಿಯಲ್ಲಿ ಅರ್ಜಿಯ ಮೇಲೆ ‘ಪರಿಶೀಲಿಸಲಾಗುವುದು’ ಎಂದು ಬರೆಯುವುದನ್ನು ಕಂಡು ನಗುವ ಜನರೇ ಅದೇ ಕಡತವನ್ನು ಜಿರಾದೊಳಗೆ ಬಣ್ಣದ ಚೀಟಿ ಅಂಟಿಸಿ ಪೇರಿಸಿಟ್ಟಿದ್ದಾರೆ.

ಅಜೈಲ್ ಹುಟ್ಟಿದ್ದು ಇದಕ್ಕಲ್ಲ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿ ಅಜೈಲ್ ಪ್ರಣಾಳಿಕೆ ರೂಪಿಸಿದ 17 ಮಂದಿ ಅದರ ಜೊತೆಗೆ 12 ತತ್ವಗಳನ್ನೂ ಕೊಟ್ಟರು. ಅದರಲ್ಲೊಂದು, ಮಾಡದೆ ಬಿಡಬಹುದಾದ ಕೆಲಸವನ್ನು ಆದಷ್ಟು ಹೆಚ್ಚಿಸುವುದೇ ಸರಳತೆಯ ಕಲೆ ಎನ್ನುತ್ತದೆ. ಬ್ಯಾಕ್‌ಲಾಗ್ ಬಗ್ಗೆ ಹೇಳುವಾಗ ಸ್ಕ್ರಮ್ ಗೈಡ್ 2011ರಲ್ಲಿ ‘ಆದ್ಯತೆ’ ಎಂಬ ಮಾತನ್ನು ಬಿಟ್ಟು ‘ಕ್ರಮ’ ಎಂಬ ಮಾತನ್ನು ಹಿಡಿಯಿತು. ವ್ಯತ್ಯಾಸ ಸಣ್ಣದಲ್ಲ. ‘ಹೈ ಪ್ರಯಾರಿಟಿ’ ಚೀಟಿಯನ್ನು 40 ಟಿಕೆಟ್‌ಗಳಿಗೆ ಅಂಟಿಸಬಹುದು; ಸಾಲಿನಲ್ಲಿ ಮೊದಲು ನಿಲ್ಲುವುದು ಒಂದೇ. ಎರಡನೆಯದಕ್ಕೆ ‘ನೀನು ಕಾಯಬೇಕು’ ಎಂದು ಯಾರಾದರೂ ಹೇಳಲೇಬೇಕು. ಹೇಳುವ ಧೈರ್ಯ ಇಲ್ಲದ ಕಡೆ ಎಲ್ಲವೂ ಹೈ ಪ್ರಯಾರಿಟಿ.

ಲೆಕ್ಕ ನೋಡಿ. ಒಂದು ತಂಡ ಎರಡು ವಾರದ ಸ್ಪ್ರಿಂಟ್‌ನಲ್ಲಿ 10 ಕೆಲಸ ಮುಗಿಸುತ್ತದೆ, ಅದೇ ಅವಧಿಯಲ್ಲಿ 15 ಹೊಸದು ಬರುತ್ತವೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 26 ಸ್ಪ್ರಿಂಟ್. ಮುಗಿದದ್ದು 260, ಬಂದದ್ದು 390. ಪ್ರತಿ ವರ್ಷ 130 ಬಾಕಿ. ಇವು ಮುಂದೆಂದೋ ಆಗುತ್ತವೆ ಎಂದು ಯಾವ ಗಣಿತವೂ ಹೇಳುವುದಿಲ್ಲ. ಆದರೂ ತಿಂಗಳಿಗೊಮ್ಮೆ ಹತ್ತು ಜನ ಕೂತು ಈ ಬಾಕಿಗೆ ‘ಗ್ರೂಮಿಂಗ್’ ಮಾಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗೊತ್ತಿರುವವರೂ ಅಲ್ಲಿರುತ್ತಾರೆ.

ನಿರ್ಧಾರದ ಹೊಣೆ ತಪ್ಪಿಸಿಕೊಳ್ಳಲು ಸಿಕ್ಕಿರುವ ಹೊಸ ಉಪಾಯ ಸೂತ್ರ. ಇಂಟರ್‌ಕಾಮ್ ಕಂಪನಿಯಿಂದ ಬಂದ ರೈಸ್ ಪದ್ಧತಿಯಲ್ಲಿ ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಪರಿಣಾಮ, ಎಷ್ಟು ಖಾತ್ರಿ ಎಂಬುದನ್ನು ಗುಣಿಸಿ ಶ್ರಮದಿಂದ ಭಾಗಿಸುತ್ತಾರೆ. ಅಂಗಡಿಗಳಿಗೆ ಬಿಲ್ ಮಾಡಿಕೊಡುವ ಒಂದು ಆ್ಯಪ್ ಇದೆ ಎನ್ನೋಣ. ಡಾರ್ಕ್ ಮೋಡ್ 10,000 ಜನರಿಗೆ ತಲುಪುತ್ತದೆ, ಪರಿಣಾಮ 0.5, ಖಾತ್ರಿ ಶೇ. 100, ಶ್ರಮ ಒಬ್ಬರ ಒಂದು ತಿಂಗಳು. ಅಂಕ 5,000. ಕನ್ನಡದಲ್ಲಿ ಬಿಲ್ ಮುದ್ರಿಸುವ ಸೌಲಭ್ಯ 400 ಅಂಗಡಿಗಳಿಗೆ. ಪರಿಣಾಮ 3, ಖಾತ್ರಿ ಶೇ. 50, ಶ್ರಮ ಎರಡು ತಿಂಗಳು. ಅಂಕ 300. ಡಾರ್ಕ್ ಮೋಡ್ ಗೆದ್ದಿತು.

ಗುಣಾಕಾರ ತಪ್ಪಿಲ್ಲ, ಎಣಿಕೆ ತಪ್ಪಿದೆ. ಆ 400 ಈಗಾಗಲೇ ಆ್ಯಪ್ ಬಳಸುತ್ತಿರುವವರ ಸಂಖ್ಯೆ. ಕನ್ನಡದಲ್ಲಿ ಬಿಲ್ ಬರುವುದಿಲ್ಲವೆಂದೇ ಬಿಟ್ಟುಹೋದ ಹಾವೇರಿಯ ಅಂಗಡಿಯವರು ಅದರಲ್ಲಿಲ್ಲ. ಒಳಗೆ ಬಂದವರನ್ನು ಎಣಿಸುವ ಸೂತ್ರಕ್ಕೆ ಬಾಗಿಲಿಂದಲೇ ಮರಳಿದವರು ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಬಳಸುವ ಅಂಧರ ಬೇಡಿಕೆಗೂ ಇದೇ ಗತಿ. ಅವರಿಗೆ ಆ್ಯಪ್ ತೆರೆಯಲೇ ಬರುವುದಿಲ್ಲ, ತೆರೆಯದವರ ಸಂಖ್ಯೆ ವರದಿಯಲ್ಲಿ ಇರುವುದಿಲ್ಲ. ಸೂತ್ರಕ್ಕೆ ಗಡುವೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ 3ಬಿ ನಮೂನೆಯ ಕೊನೆಯ ದಿನ ಸಾಮಾನ್ಯವಾಗಿ ಮರುತಿಂಗಳ 20. ಅದರಲ್ಲಿನ ದೋಷವನ್ನು 21ಕ್ಕೆ ಸರಿಪಡಿಸಿದರೆ, ಅಷ್ಟರಲ್ಲಿ ಅಂಗಡಿಯವರು ವಿಳಂಬ ಶುಲ್ಕ ಹೊತ್ತಿರುತ್ತಾರೆ. ‘ಈ ತಿಂಗಳು ಮಾಡದಿದ್ದರೆ ಯಾರಿಗೆ ಏನು ನಷ್ಟ?’ ಎಂಬ ಸಾದಾ ಪ್ರಶ್ನೆ ಹೇಳುವಷ್ಟನ್ನು ನಾಲ್ಕು ಅಂಕಿಗಳ ಗುಣಾಕಾರ ಹೇಳದು.

ಅಂಕಿಗಳನ್ನು ತುಂಬುವವರೂ ಮನುಷ್ಯರೇ. ದೊಡ್ಡವರಿಗೆ ಬೇಕಾದ ಕೆಲಸದ ‘ಪರಿಣಾಮ’ 1ರಿಂದ 2 ಆಗುತ್ತದೆ, ‘ಶ್ರಮ’ 4ರಿಂದ 2ಕ್ಕೆ ಇಳಿಯುತ್ತದೆ. ಅಂಕ ನಾಲ್ಕು ಪಟ್ಟು. ಬಳಿಕ ‘ಡೇಟಾ ಹೀಗೆ ಹೇಳುತ್ತದೆ’ ಎಂಬ ಘೋಷಣೆ. ದಿನವಿಡೀ ಗ್ರಾಹಕರ ಬೈಗುಳ ಕೇಳುವ ಸಪೋರ್ಟ್‌ನ ಹುಡುಗಿ ತಂದ ಐಡಿಯಾ ಈ ಘೋಷಣೆಯ ಮುಂದೆ ಬಾಯಿ ಮುಚ್ಚುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಆಕೆ ಐಡಿಯಾ ತರುವುದಿಲ್ಲ. ತಂಡ ನಿಜವಾಗಿ ಕಳೆದುಕೊಳ್ಳುವುದು ಅದನ್ನೇ.

ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿಯಾಗಿರಬೇಕು, ಸಮಿತಿಯಲ್ಲ, ಅವರ ತೀರ್ಮಾನವನ್ನು ಇಡೀ ಸಂಸ್ಥೆ ಗೌರವಿಸಬೇಕು ಎನ್ನುತ್ತದೆ ಸ್ಕ್ರಮ್ ಗೈಡ್. ಹೊರದೇಶದ ಕಂಪನಿಗಳಿಗೆ ದುಡಿಯುವ ಎಷ್ಟೋ ತಂಡಗಳಲ್ಲಿ ಆ ಹೆಸರಿನ ವ್ಯಕ್ತಿ ಬರೀ ಅಂಚೆಯವರು. ತೀರ್ಮಾನ ಇನ್ನೊಂದು ದೇಶದ ಹಗಲಿನಲ್ಲಿ ಆಗುತ್ತದೆ, ಇಲ್ಲಿಯ ರಾತ್ರಿ ಕಾಲ್‌ನಲ್ಲಿ ಬಂದು ತಲುಪುತ್ತದೆ. ಅಧಿಕಾರವಿಲ್ಲದವರ ಕೈಗೆ ಪಟ್ಟಿ ಕೊಟ್ಟರೆ ಅವರು ಅದನ್ನು ಉದ್ದ ಮಾಡಬಲ್ಲರು, ಗಿಡ್ಡ ಮಾಡಲಾರರು.

ಹಣ ಕೊಡುವ ಗ್ರಾಹಕರಿಗೆ ‘ಇಲ್ಲ’ ಎನ್ನುವುದು ಹೇಗೆ, ಅಳಿಸಿದರೆ ಒಳ್ಳೆಯ ಐಡಿಯಾ ಕಳೆದುಹೋಗದೇ ಎಂದು ಕೇಳುವವರಿದ್ದಾರೆ. ‘ಇಲ್ಲ’ ಕೇಳಿದ ಗ್ರಾಹಕರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಎರಡು ವರ್ಷ ‘ಪಟ್ಟಿಯಲ್ಲಿದೆ’ ಎಂದು ಕೇಳಿದವರು ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ಅಳಿಸಿದ ಐಡಿಯಾಕ್ಕೆ ಜೀವವಿದ್ದರೆ ಇನ್ನೊಬ್ಬರ ಬಾಯಲ್ಲಿ ಅದು ಮತ್ತೆ ಬಂದೇ ಬರುತ್ತದೆ.

ಮಾಡಬೇಕಾದ್ದು ಇಷ್ಟೇ. ಐಡಿಯಾವನ್ನು ಮೊದಲು ತೊಂದರೆಯ ರೂಪದಲ್ಲಿ ಬರೆಯಿರಿ: ಯಾರು, ಎಲ್ಲಿ ಸಿಕ್ಕಿಕೊಂಡಿದ್ದಾರೆ, ಈಗ ಹೇಗೆ ಸುಧಾರಿಸಿಕೊಳ್ಳುತ್ತಿದ್ದಾರೆ. ಮೂರು ಸ್ಪ್ರಿಂಟ್‌ಗೆ ಸಾಕಾಗುವಷ್ಟೇ ಕೆಲಸವನ್ನು ಒಂದು, ಎರಡು, ಮೂರು ಎಂದು ಸಾಲಾಗಿಡಿ. ಅಂಕ ಹಾಕುವುದಿದ್ದರೆ ಹಾಕಿ. ಆದರೆ ಸಾಲಿನ ಕೆಳಗೆ ಅದನ್ನು ತೀರ್ಮಾನಿಸಿದವರ ಹೆಸರಿರಲಿ. ಮೂರು ತಿಂಗಳು ಮುಟ್ಟದೆ ಬಿದ್ದದ್ದನ್ನು ತೆಗೆದುಹಾಕಿ, ಕೇಳಿದವರಿಗೆ ಕಾರಣ ಸಹಿತ ಎರಡು ಸಾಲು ಬರೆಯಿರಿ. ಆ ಎರಡು ಸಾಲು ಬರೆಯಲು ಕೈ ನಡುಗುವವರ ಬಳಿ ಇರುವುದು ಆದ್ಯತೆಯ ಪಟ್ಟಿಯಲ್ಲ, ಹಳೆಯ ಅರ್ಜಿಗಳ ಗೋದಾಮು.